ಓಡದ ಕಾರಿನ ಬೆಲ್ಟು

ಆ ದಿನ ಕಾರಿನ ಹಿಂದಿನ ಸೀಟಿನಲ್ಲಿದ್ದವನು ನಾನೊಬ್ಬನೇ. ಕಂಡಷ್ಟನ್ನು, ಕೇಳಿದಷ್ಟನ್ನು ಬರೆಯುತ್ತೇನೆ.

ಶಹಾಪುರದಲ್ಲಿರುವ ನಮ್ಮ ಅಕ್ಕನ ಗಂಡ, ನನಗೆ ಮಾಮಾ, ಕಾರನ್ನು ಕೊಂಡದ್ದು ಓಡಿಸಲಿಕ್ಕಲ್ಲ. ಎಂಟು ವರ್ಷದಿಂದ ಅದು ಮುಸುಕು ಹೊದ್ದು ಮನೆಯ ಮುಂದೆ ನಿಂತಿತ್ತು. ದಸರೆಯ ಖಂಡೇಪೂಜೆಗೆ ಮುಸುಕು ತೆಗೆದು ಕುಂಬಳಕಾಯಿ ಒಡೆಯುವುದು, ಮತ್ತೆ ಹೊದಿಸುವುದು. ಸೀಟಿನ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ಅಕ್ಕ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆಸಿದ್ದಳು. ಚಾವಿ ಮಾತ್ರ ಮಾಮಾನ ಉಡಿದಾರದಲ್ಲಿತ್ತು.

ಹೋದ ದಸರೆಗೆ ಮುಂಚೆ ಬ್ಯಾಟರಿ ಬದಲಿಸಲು ಬಂದ ಮೆಕ್ಯಾನಿಕ್ ನನ್ನೆದುರೇ ಹೇಳಿದ್ದ: "ಇಂಜಿನ್ ಒಳಗಿನ ಟೈಮಿಂಗ್ ಬೆಲ್ಟ್ ಬದಲಿ ಮಾಡ್ಸರಿ ಸಾಹೇಬ್ರ. ಗಾಡಿ ಓಡದಿದ್ರೂ ರಬ್ಬರಿಗೆ ವಯಸ್ಸಾಗತೈತಿ. ಹರದ್ರ ಇಂಜಿನ್ ನಿಂತು ವಾಲ್ವ್ ಡೊಂಕ ಆಗ್ತಾವ."

"ಓಡೇ ಇಲ್ಲ, ಸವೆಯೂದು ಹೆಂಗೋ? ಒಂದ್ ಸಪ್ಪಳರೆ ಐತೇನು?" ಎಂದು ಮಾಮಾ ನಕ್ಕರು.

"ಬೆಲ್ಟಿನ ಜಾಗಾದಾಗ ಚೈನ್ ಇದ್ರ ಸವದಾಗ ಸಪ್ಪಳ ಮಾಡಿ ಹೇಳತೈತ್ರಿ. ಬೆಲ್ಟ್ ಹೇಳೂದಿಲ್ಲ."

ಬೆಲ್ಟಿನ ಬದಲು ಮಾಮಾ ಕಾರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಅದನ್ನು ಅವರು ಪ್ರತಿ ಅಮಾವಾಸ್ಯೆಗೂ ತಪ್ಪದೆ ಬದಲಿಸುತ್ತಾರೆ.

ಆಮೇಲೊಮ್ಮೆ ಖಾನಾಪುರದಾಚೆಯ ಬೀಡಿ ಎಂಬ ಊರಿನಲ್ಲಿ ಬೀಗರ ಗೃಹಪ್ರವೇಶ ಬಂತು. ಮಾಮಾನಿಗೆ ಮೊಣಕಾಲು ನೋವು. ಬೇರೆ ದಾರಿಯಿಲ್ಲದೆ ಚಾವಿ ಅಕ್ಕನ ಕೈಗೆ ಬಂತು. ಮಾಮಾ ಪಕ್ಕದಲ್ಲಿ ಕೂತು "ಸಾವಕಾಶ, ಸಾವಕಾಶ" ಎಂದು ಜಪ ಮಾಡುತ್ತಿದ್ದರು.

ಖಾನಾಪುರ ಸಮೀಪಿಸುವಾಗ ಇಂಜಿನ್ ಒಮ್ಮೆಲೇ ನಿಂತಿತು. ಹಿಂದೆ ಲಾರಿಯ ಹಾರ್ನ್. ಸ್ಟೇರಿಂಗ್ ಬಿಗಿಯಾಯಿತು. ಅಕ್ಕ ಎರಡೂ ಕೈಯಿಂದ ಅದನ್ನು ಎಳೆದು, ಉರುಳುತ್ತಿದ್ದ ಕಾರನ್ನು ರಸ್ತೆಯ ಅಂಚಿಗೆ ತಂದಳು. ಲಾರಿ ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ಕಾರು ಅಲುಗಿದ್ದು ಇನ್ನೂ ನನ್ನ ಮೈಯಲ್ಲಿದೆ.

ಮಾಮಾನಿಗೆ ಮೊದಲು ಬಂದದ್ದು ಮಾತು: "ಹೆಣ್ಣಮಕ್ಕಳ ಕೈಯಾಗ ಕೊಟ್ರ ಹಿಂಗಽ! ಇನ್ನ ಮ್ಯಾಲೆ ಚಾವಿ ಮುಟ್ಟಬ್ಯಾಡ."

ಅಕ್ಕ ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದಳು. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿಗೆ ಕೈಮಾಡಿ ಕಾರಿಗೆ ಹಗ್ಗ ಕಟ್ಟಿಸಿದಳು.

ಖಾನಾಪುರದ ಗ್ಯಾರೇಜಿನಲ್ಲಿ ಇಂಜಿನ್ನಿನ ಮುಚ್ಚಳ ಬಿಚ್ಚಿದಾಗ ಹರಿದ ಬೆಲ್ಟು ಹೊರಬಂತು. ಅದರ ಮೈತುಂಬ ಬಿರುಕು.

"ಮಾಮಾ, ಇದನ್ನ ಬದಲಿ ಮಾಡ್ಸರಿ ಅಂತ ಮೆಕ್ಯಾನಿಕ್ ಹೇಳಿದಾಗ ನಾ ಬಾಜೂಕ ನಿಂತಿದ್ದೆ," ಎಂದೆ.

ಮಾಮಾ ಬೆಲ್ಟನ್ನು ತಿರುಗಿಸಿ ನೋಡಿದರು. "ಯಾರದೋ ದೃಷ್ಟಿ ತಾಗೇತಿ."

"ನಿಮ್ಮದಽ ರೀ," ಎಂದಳು ಅಕ್ಕ. "ಎಂಟ ವರ್ಷ ಅದನ್ನ ಬರೇ ನೋಡಕೋತ ಕುಂತವರು ನೀವೊಬ್ಬರಽ."

ವಾಲ್ವ್ ಬದಲಾಗಿ, ಹೊಸ ಬೆಲ್ಟು ಕೂತು ಕಾರು ಮನೆಗೆ ಬಂದಿದೆ. ತಂದವಳು ಅಕ್ಕ, ಚಾವಿಯನ್ನು ತಿರುಗಿ ಕೊಟ್ಟಿಲ್ಲ. ಕಾರಿನ ಮುಸುಕನ್ನು ಒಗೆದು ಮಾಳಿಗೆಯ ಮೇಲೆ ಹಾಸಿದ್ದಾಳೆ. ಅದರ ಮೇಲೆ ಸಂಡಿಗೆ ಒಣಗುತ್ತಿದೆ.