ಹಂಡೆಗೆ ಬಾಯಿಟ್ಟು ಹಾಡಿದ ಕ್ಯಾಸೆಟ್ಟು

ಆ ಕ್ಯಾಸೆಟ್ಟಿಗೆ ನಾವು ಇಟ್ಟಿದ್ದ ಹೆಸರನ್ನು ಇಲ್ಲಿ ಬರೆಯಲಾರೆ. ಅದರಲ್ಲಿ ‘ಮಂಜು’ ಅನ್ನುವ ಪದ ಇತ್ತು ಅಂದರೆ ಸಾಕು. ಚಳಿಗಾಲದ ಬೆಳಿಗ್ಗೆ ಕಪಿಲೆಯ ಮೇಲೆ ಏಳುವ ಒಂದಿಷ್ಟು ಹಬೆ ಬಿಟ್ಟರೆ ಅದನ್ನು ಮಾಡಿದ ನಾವಿಬ್ಬರೂ ಮಂಜು ಕಂಡವರೇ ಅಲ್ಲ.

ನಾನು ಮತ್ತು ನನ್ನ ಕಾಲೇಜಿನ ಗೆಳತಿ. ಅವಳದು ಗಿಟಾರ್ ಮತ್ತು ಒಂದು ಸಣ್ಣ ಕೀಬೋರ್ಡ್, ನನ್ನದು ಪದ್ಯ ಮತ್ತು ದನಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಇಂಥ ಸಂಗೀತಕ್ಕೆ ಈಗ ಇಂಡಿ, ಡ್ರೀಮ್ ಪಾಪ್ ಅಂತೆಲ್ಲ ಹೆಸರಿದೆ. ಆಗ ಮೈಸೂರಿನಿಂದ ಯಾರೋ ನಕಲು ಮಾಡಿಸಿ ತಂದ ಇಂಗ್ಲಿಷ್ ಕ್ಯಾಸೆಟ್ಟುಗಳಲ್ಲಿ, ಹಾಡುವವರು ಅರ್ಧ ನಿದ್ದೆಯಲ್ಲಿದ್ದ ಹಾಗೆ ಹಾಡುತ್ತಿದ್ದರು. ಕನ್ನಡದಲ್ಲಿ ಹೀಗೆ ಯಾರೂ ನಿದ್ದೆ ಮಾಡಿಲ್ಲವಲ್ಲ ಅನ್ನಿಸಿ ನಾವು ಶುರು ಮಾಡಿದೆವು.

ನಂಜನಗೂಡಿನಲ್ಲಿ ಅವಳ ಮನೆಯ ಹಿಂದೆ ಬಚ್ಚಲುಮನೆ, ಅಲ್ಲೊಂದು ತಾಮ್ರದ ಹಂಡೆ. ನೀರು ಖಾಲಿ ಮಾಡಿ ಅದರ ಬಾಯಿಗೆ ಮುಖವಿಟ್ಟು ಹಾಡಿದರೆ ದನಿ ಸುತ್ತಿಕೊಂಡು ದುಂಡಗಾಗಿ ಹೊರಗೆ ಬರುತ್ತಿತ್ತು. ಅದೇ ನಮ್ಮ ಎಕೋ. ಒಂದು ಟೇಪ್ ರೆಕಾರ್ಡರಿನಲ್ಲಿ ಗಿಟಾರ್ ತುಂಬಿಸಿ, ಅದನ್ನು ಹಾಕಿಕೊಂಡು ಮೇಲೆ ನಾನು ಹಾಡಿ, ಇನ್ನೊಂದು ಟೇಪ್ ರೆಕಾರ್ಡರಿಗೆ ಹಿಡಿಯುತ್ತಿದ್ದೆವು. ಪ್ರತಿ ಸಲವೂ ಸುಯ್ ಅನ್ನುವ ಸದ್ದು ಹೆಚ್ಚಾಗುತ್ತಿತ್ತು. ಅದೇ ಮಂಜು ಅಂದುಕೊಂಡೆವು. ನಾನು ಮೆಲ್ಲಗೆ ಹಾಡಿದ್ದು ಶೈಲಿಗಾಗಿ ಅಂತ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ನಡುಮನೆಯಲ್ಲಿದ್ದ ಅವಳ ಅಮ್ಮನಿಗೆ ಕೇಳಿಸಬಾರದು ಅಂತ ಮೆಲ್ಲಗೆ ಹಾಡಿದೆ ಅನ್ನುವುದೂ ಅಷ್ಟೇ ನಿಜ. ಯಾವುದು ಮೊದಲು, ಯಾವುದು ಆಮೇಲೆ ಸೇರಿಕೊಂಡದ್ದು, ಗೊತ್ತಿಲ್ಲ.

ಸುಮಾರು ಹತ್ತು ವರ್ಷದ ಮೇಲೆ ಗೆಳತಿ ಅದನ್ನು ಸಿ.ಡಿ.ಗೆ ಹಾಕಿ ಕಳಿಸಿದಳು. ಬೇರೆ ಯಾರದೋ ಆಲ್ಬಮ್ ಅಂದುಕೊಂಡು ತೀರ್ಪು ಕೊಡೋಣ ಅಂತ ಹೆಡ್‌ಫೋನ್ ಹಾಕಿ ಕೂತೆ. ಮೊದಲನೇ ಹಾಡು ಸುಳ್ಳು, ಕೇಳಿದ್ದರ ನಕಲು. ಎರಡನೆಯದರಲ್ಲಿ ಗಿಟಾರ್ ತಪ್ಪುತ್ತದೆ, ತಪ್ಪಿದ ಜಾಗದಲ್ಲೇ ಹಾಡು ಉಸಿರಾಡುತ್ತದೆ. ಮೂರನೆಯದು ಮಧ್ಯಾಹ್ನದ ಖಾಲಿ ಬಸ್ಸಿನ ಬಗ್ಗೆ. ಅದು ಚೆನ್ನಾಗಿದೆ. ಚೆನ್ನಾಗಿದೆ ಅಂತ ಬರೆಯಲು ಈಗಲೂ ಕೈ ಹಿಂದೆ ಸರಿಯುತ್ತದೆ. ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿದ್ದ ಎಲ್ಲ ಹಾಡುಗಳೂ ಒಂದರೊಳಗೊಂದು ಕರಗಿ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಪದಗಳಂತೂ ಕೇಳಿಸುವುದೇ ಇಲ್ಲ. ಬರೆದವಳಿಗೇ ಕೇಳಿಸಲಿಲ್ಲ.

ಕೇಳುತ್ತಾ ಕೇಳುತ್ತಾ ಕಿವಿ ಬಿಸಿಯಾಯಿತು. ಅದಕ್ಕೆ ಕಾರಣ ಹಾಡುಗಳಲ್ಲ, ಅವನ್ನು ನಾನು ಬಯಲಲ್ಲಿ ಕೇಳಿದ ಒಂದು ಬೆಳಿಗ್ಗೆ.

ಕ್ಯಾಸೆಟ್ಟು ಮಾಡಿದ ವರ್ಷವೇ ಅಪ್ಪನ ದೊಡ್ಡಪ್ಪನ ಮಗ ಸೋಮನಾಥಪುರದ ಹತ್ತಿರದ ಹಳ್ಳಿಯಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ನಂಜನಗೂಡಿನಿಂದ ಮೊದಲನೇ ಬಸ್ಸಿಗೆ ಹೊರಟೆವು, ಅಪ್ಪ ಮತ್ತು ನಾನು. ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ ಅಪ್ಪ ಶರಟಿನ ಜೇಬು ಮುಟ್ಟಿಕೊಂಡು, “ನಿಮ್ಮ ಕ್ಯಾಸೆಟ್ಟು ತಂದಿದೀನಿ. ಮೈಕ್ ಸೆಟ್ಟಲ್ಲಿ ಹಾಕ್ಸೋಣ” ಅಂದರು.

“ಬೇಡ ಅಪ್ಪ.”

“ಯಾಕೆ? ಊರೆಲ್ಲ ಕೇಳ್ಲಿ.”

“ಅದು ಮೈಕಲ್ಲಿ ಹಾಕೋ ಅಂಥದ್ದಲ್ಲ.”

“ಮೈಕಲ್ಲಿ ಹಾಕಬಾರದ್ದು ಅಂಥದ್ದೇನು ಹಾಡಿದೀಯ?” ಅಂತ ನಕ್ಕರು. “ಯಾರದು ಅಂತ ಮೊದಲೇ ಹೇಳಲ್ಲ. ಎರಡು ಹಾಡು ಕೇಳ್ಲಿ. ಆಮೇಲೆ ಉಡುಗೊರೆ ಕೂಗುವಾಗ ನಾನೇ ಹೇಳ್ತೀನಿ, ನನ್ನ ಮಗಳದು ಅಂತ.”

ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ನಂಟರ ನಡುವೆ ಮಾತು ಕಡಿಮೆ. ಅಂಥವರು ಎಲ್ಲರೆದುರು ಒಂದು ಮಾತಾಡುವುದಕ್ಕೆ ದಾರಿಯುದ್ದಕ್ಕೂ ತಯಾರಾಗುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಅವರು ನನ್ನ ಹೆಸರು ಹೇಳದೇ ಇದ್ದರೆ ಸಾಕು ಅಂತ ನಾನು ಕಿಟಕಿ ಪಕ್ಕ ಕೂತು ಬೇಡಿಕೊಂಡೆ.

ನಮ್ಮ ಕಡೆಯ ಗೃಹಪ್ರವೇಶದಲ್ಲಿ ಮೈಕ್ ಸೆಟ್ಟು ಮನೆಯವರಿಗಲ್ಲ, ಊರಿಗೆ. ತೆಂಗಿನ ಮರಕ್ಕೆ ತಗಡಿನ ಹಾರ್ನ್ ಸ್ಪೀಕರ್ ಒಂದು, ಮಾಳಿಗೆ ಮೇಲೆ ಒಂದು ಹಾರ್ನ್. ಬೆಳಗಿನ ಜಾವಕ್ಕೆ ದೇವರ ಹಾಡು, ಬಿಸಿಲೇರಿದ ಮೇಲೆ ಸಿನಿಮಾ ಹಾಡು, ಮಧ್ಯೆ ಮಧ್ಯೆ ಯಾರಿಂದ ಏನು ಉಡುಗೊರೆ ಬಂತು ಅಂತ ಕೂಗುವುದು. ಗದ್ದೆಯಲ್ಲಿ ಬಗ್ಗಿದವರಿಗೂ ಕೇಳಬೇಕು. ತಿಂಡಿಯ ಎಲೆ ಎತ್ತಿದ ಹೊತ್ತಿಗೆ ಅಪ್ಪ ಮೈಕ್ ಸೆಟ್ಟಿನವನ ಕೈಗೆ ನಮ್ಮ ಕ್ಯಾಸೆಟ್ಟು ಕೊಟ್ಟರು.

ಮೊದಲು ಬರೀ ಸುಯ್. ಆಮೇಲೆ ಗಿಟಾರಿನ ಬದಲು ತಗಡು ಕೆರೆದ ಹಾಗೆ ಒಂದು ಸದ್ದು. ಹಾರ್ನಿನಲ್ಲಿ ಕೆಳಗಿನ ಸ್ವರಗಳು ಒಂದೂ ಬರುವುದಿಲ್ಲ. ಅದರ ಮೇಲೆ ನಾನು. ಹಂಡೆಗೆ ಬಾಯಿಟ್ಟು, ಯಾರಿಗೂ ಕೇಳಿಸದ ಹಾಗೆ ಪಿಸುಗುಟ್ಟಿದ್ದು ಈಗ ಗದ್ದೆ ದಾಟಿ ನಾಲೆ ಏರಿಯವರೆಗೂ ಹೋಗುತ್ತಿತ್ತು. ಮನೆಯ ಹಿತ್ತಲಲ್ಲಿ ಹೆಂಗಸರು ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚುತ್ತಾ ಕೂತಿದ್ದರು, ನಾನೂ ಅವರ ನಡುವೆ ಹುರುಳಿಕಾಯಿ ಮುರಿಯುತ್ತಿದ್ದೆ.

“ಇದ್ಯಾರವ್ವ, ಬಾವಿಗೆ ಬಿದ್ದವ್ಳಾ? ಯಾರಾರ ಅಗ್ಗ ಬುಡ್ರೋ” ಅಂದಳು ಒಬ್ಬಳು.

“ಇಲ್ಲ ಕಣಕ್ಕ, ಮಗ್ಗುಲಲ್ಲಿ ಗಂಡ ಮನ್ಗವ್ನೆ. ಎದ್ಬುಟ್ಟಾನು ಅಂತ ಮೆಲ್ಗೆ ಹಾಡ್ತಾವ್ಳೆ.”

ಹಿತ್ತಲೆಲ್ಲ ನಗು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ ಅಂತ ನೆನಪು.

ಇದನ್ನು ಸ್ನೇಹಿತರ ನಡುವೆ ನಗೆಕತೆಯಾಗಿ ಹೇಳುವಾಗ ಇಲ್ಲಿಗೇ ನಿಲ್ಲಿಸುತ್ತೇನೆ. ಆ ಕತೆಯಲ್ಲಿ ಅಪ್ಪನೂ ನಗುತ್ತಾರೆ. ಅಪ್ಪ ನಕ್ಕದ್ದನ್ನು ನಾನು ನೋಡಿಲ್ಲ. ಅವರು ಮುಂಬಾಗಿಲ ಕಡೆ ಇದ್ದರು, ನಾನು ಹಿತ್ತಲಲ್ಲಿದ್ದೆ.

ಗಂಡಸರು ಅಷ್ಟು ಕೆಟ್ಟದಾಗಿ ತಗೊಳ್ಳಲಿಲ್ಲ. ಅವರು ಅದನ್ನು ರಿಪೇರಿ ಮಾಡಲು ಹೊರಟರು. “ಕರೆಂಟು ಕಮ್ಮಿ ಅದೆ ಕಣ್ಲಾ, ಕ್ಯಾಸೆಟ್ಟು ಎಳೀತಾ ಅದೆ” ಅಂತ ಯಾರೋ ಕೂಗಿದ್ದು ಕೇಳಿಸಿತು. ಆ ಕಡೆ ವೋಲ್ಟೇಜು ಬಿದ್ದಾಗ ಹಾಡು ಎಳೆದುಕೊಂಡು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಹಾಡು ನಿಧಾನವಾಗಿರುವುದಕ್ಕೆ ಅವರಿಗೆ ಬೇರೆ ಕಾರಣ ಹೊಳೆಯಲಿಲ್ಲ. ಜನರೇಟರಿಗೆ ಬದಲಾಯಿಸಿದರು. ಹಾಡು ಹಾಗೇ ಎಳೆಯಿತು. ಮೈಕ್ ಸೆಟ್ಟಿನವನು ಕ್ಯಾಸೆಟ್ಟು ಹೊರಗೆ ತೆಗೆದು ಪೆನ್ನು ತೂರಿಸಿ ಸುತ್ತಿ ಬಿಗಿ ಮಾಡಿ ಮತ್ತೆ ಹಾಕಿದನಂತೆ. ಖಾಲಿ ಬಸ್ಸಿನ ಹಾಡು ಬಂತು, ಇನ್ನೂ ನಿಧಾನ.

“ಸಾ, ಟೇಪಿನ ಎಡ್ಡು ಒರ್ಸಿದೀನಿ, ಬೆಲ್ಟು ನೋಡಿದೀನಿ. ನಮ್ ಸೆಟ್ಟಲ್ಲಿ ಏನೂ ಇಲ್ಲ ಸಾ. ಬ್ಯಾರೆ ಹಾಕ್ಲಾ?” ಅಂತ ಅವನು ಅಪ್ಪನನ್ನು ಕೇಳಿದ್ದು ಹಿತ್ತಲಿಗೂ ಕೇಳಿಸಿತು.

ಹಾಡು ನಿಂತಿತು. ಆಮೇಲೆ ಉಫ್ ಉಫ್ ಅಂತ ಊದಿದ ಸದ್ದು. ಅಪ್ಪನ ದನಿ. ಉಡುಗೊರೆ ಕೂಗುವವರ ಧಾಟಿಯಲ್ಲೇ, ಕಚೇರಿಯ ಕನ್ನಡದಲ್ಲಿ:

“ನಂಜನಗೂಡಿನಿಂದ ಬಂದಿರುವ ನಮ್ಮ ಕುಟುಂಬದ ಕಡೆಯಿಂದ ಮನೆಯವರಿಗೆ ಉಡುಗೊರೆ. ಇದುವರೆಗೆ ತಾವು ಕೇಳಿದ ಹಾಡುಗಳು. ಕ್ಯಾಸೆಟ್ಟಿನಲ್ಲಿ ದೋಷ ಇರುವುದಿಲ್ಲ. ಹಾಡಿರುವುದು ನನ್ನ ಮಗಳು. ಅವಳು ಹಾಡುವುದೇ ಹಾಗೆ.”

ಕೊನೆಯ ಮಾತು ಬಸ್ಸಿನಲ್ಲಿ ತಯಾರಾದ ಮಾತಲ್ಲ. ಅದನ್ನು ಅವರು ಅಲ್ಲೇ ಹುಡುಕಿಕೊಂಡಿರಬೇಕು.

ಹಿತ್ತಲಲ್ಲಿ ಈಳಿಗೆಮಣೆಗಳೆಲ್ಲ ಒಟ್ಟಿಗೆ ನಿಂತವು. ಹಗ್ಗ ಬಿಡಿ ಅಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಮನೆಯ ಅಜ್ಜಿ, ಅಂದರೆ ಅಪ್ಪನ ದೊಡ್ಡವ್ವ, ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದವರು, “ಬಾವ್ವ ಇಲ್ಲಿ” ಅಂತ ಕರೆದು ಪಕ್ಕ ಕೂರಿಸಿಕೊಂಡರು.

“ನಂಗೆ ಆ ತಗಡಲ್ಲಿ ಏನೂ ಅರ್ತ ಆಗ್ನಿಲ್ಲ. ನೀನೇ ಪದ ಹೇಳು ನೋಡನ. ನಾವೇ ಅಲ್ವಾ ಇರಾದು?”

ಅಷ್ಟರಲ್ಲಿ ಅಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ಹಣೆ ಬೆವೆತಿತ್ತು. ಮುಖದಲ್ಲಿ ಗೆದ್ದವರ ಒಂದು ನಾಚಿಕೆ. “ಹೇಳು ಮಗಾ” ಅಂದರು.

ಖಾಲಿ ಬಸ್ಸಿನ ಹಾಡು ಹಾಡಬಹುದಿತ್ತು. ಪದ ಬಾಯಲ್ಲಿತ್ತು. ಬಾಯಿ ತೆರೆದೆ. ಹಂಡೆ ಇಲ್ಲ, ಸುಯ್ ಇಲ್ಲ, ಗಿಟಾರ್ ಇಲ್ಲ. ಮೊದಲನೇ ಸಾಲಿನ ಅರ್ಧ ಹೊರಟಿತು, ಅದು ಹಾಡೂ ಅಲ್ಲ, ಮಾತೂ ಅಲ್ಲ. ಕಾಯುತ್ತಿದ್ದ ಅಷ್ಟು ಮುಖಗಳ ಮೇಲೆ ಅದು ಬಿದ್ದದ್ದನ್ನು ಕಂಡು ಅಲ್ಲೇ ನಿಲ್ಲಿಸಿದೆ. ಹತ್ತು ವರ್ಷದ ಮೇಲೆ ಹೆಡ್‌ಫೋನ್ ಹಾಕಿ ಕೂತು ಆ ಆಲ್ಬಮ್ಮಿಗೆ ನಾನು ಕೊಡಬೇಕೆಂದಿದ್ದ ತೀರ್ಪನ್ನು ಆ ಹಿತ್ತಲಲ್ಲೇ ಪಡೆದಿದ್ದೆ: ದನಿಯನ್ನು ಕನಸಿನಲ್ಲಿ ಇಟ್ಟಿದ್ದೇವೆ ಅಂದುಕೊಂಡಿದ್ದೆವು, ಬಚ್ಚಿಟ್ಟಿದ್ದೆವು.

ಅಪ್ಪ ತಡಮಾಡಲಿಲ್ಲ. “ಗಂಟಲು ಕಟ್ಟಿದೆ ಅವಳಿಗೆ. ಬಸ್ಸಲ್ಲಿ ಗಾಳಿ” ಅಂದರು.

ನಾನು ಕೆಮ್ಮಿದೆ. ಅವರ ಮಾತು ಉಳಿಸಲು ಅಂತ ಒಂದು ಸಲ, ನಂಬಲಿ ಅಂತ ಮತ್ತೆರಡು ಸಲ.

ಅಷ್ಟು ಸಾಕಾಯಿತು. ತಮಾಷೆ ಮಾಡಿದ ಹೆಂಗಸರೇ ಎದ್ದರು. ಒಬ್ಬಳು ಮೆಣಸು ಕುಟ್ಟಿದಳು, ಒಬ್ಬಳು ಜೀರಿಗೆ ತಂದಳು, ಬಾವಿ ಅಂದವಳೇ ಅನ್ನದ ತಪ್ಪಲೆ ಇಳಿಸಿ ಒಲೆ ಬಿಡಿಸಿಕೊಟ್ಟಳು. ಮದುವೆಯಾಗಬೇಕಾದ ಹುಡುಗಿ, ದನಿ ಕೆಟ್ಟು ಕೂತರೆ ಹೇಗೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರು. ದೊಡ್ಡ ಲೋಟದ ತುಂಬ ಕಷಾಯ ಬಂತು. ಅಜ್ಜಿ ಸೆರಗಿನಲ್ಲಿ ಲೋಟ ಹಿಡಿದು ನನ್ನ ಕೈಗೆ ಕೊಡುತ್ತಾ ಕೇಳಿದರು:

“ಕ್ಯಾಸೆಟ್ಟಲ್ಲಿ ಹೇಳ್ದಾಗ್ಲೂ ಗಂಟ್ಲು ಕಟ್ಟಿತ್ತೇನವ್ವ?”

ಅದರಲ್ಲಿ ಕೊಂಕು ಇರಲಿಲ್ಲ. ಇತ್ತು ಅಂತ ನೆನಪಿಸಿಕೊಳ್ಳಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಅಪ್ಪ ಇನ್ನೂ ಬಾಗಿಲಲ್ಲೇ ಇದ್ದರು. ದೋಷ ಇಲ್ಲ, ಅವಳು ಹಾಡುವುದೇ ಹಾಗೆ ಅಂತ ಊರಿಗೆಲ್ಲ ಹೇಳಿ ಇನ್ನೂ ಗಳಿಗೆ ಕಳೆದಿರಲಿಲ್ಲ.

“ಹೂಂ ಅಜ್ಜಿ” ಅಂದೆ.

“ಅದ್ಕೇ ಮತ್ತೆ. ಕುಡಿ, ಕುಡಿ” ಅಂತ ಬೆನ್ನು ಸವರಿದರು.

ತಲೆ ಎತ್ತಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಸದ್ದಾಯಿತು, ಆಮೇಲೆ ನೋಡಿದರೆ ಅಪ್ಪ ನಿಂತಿದ್ದಲ್ಲಿ ಬರೀ ಬಿಸಿಲಿತ್ತು. ಸ್ವಲ್ಪ ಹೊತ್ತಿಗೆ ಹಾರ್ನಿನಲ್ಲಿ ಬೇರೆ ಹಾಡು, ಸರಿಯಾದ ವೇಗದಲ್ಲಿ. ಹೆಂಗಸರು ನನ್ನನ್ನೇ ನೋಡುತ್ತಿದ್ದರು, ಕಷಾಯ ಉಳಿಸುವ ಹಾಗಿರಲಿಲ್ಲ. ತಳದಲ್ಲಿ ನಿಂತಿದ್ದ ಮೆಣಸಿನ ತರಿಯನ್ನೂ ಕುಡಿದೆ.