ಗುರುವಾರ ಬೆಳಿಗ್ಗೆ ಬರಬೇಕಿದ್ದ ಕಾರು

ಕಳೆದ ವರ್ಷದ ದೀಪಾವಳಿ ಎಂದರೆ ನನಗೆ ಹಬ್ಬದ ಅಡಿಗೆ ನೆನಪಾಗುವುದಿಲ್ಲ, ಕುಮಟಾದ ಗ್ಯಾರೇಜೊಂದು ನೆನಪಾಗುತ್ತದೆ. ನಮ್ಮೂರು ಅಲ್ಲೇ ಹತ್ತಿರದ ಬಾಡ. ನಾನು ಮೀನು ಮಾರುವವಳು. ನಮ್ಮನೆಯವರು ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಕಿಡ್ನಿ ಕೈಕೊಟ್ಟ ಮೇಲೆ ಸೋಮವಾರ, ಗುರುವಾರ ಕುಮಟಾದಲ್ಲಿ ಡಯಾಲಿಸಿಸ್. ಅದು ಮುಗಿದ ಮೇಲೆ ಅವರಿಗೆ ನೆಟ್ಟಗೆ ಕೂರಲು ಆಗುವುದಿಲ್ಲ. ಒಮ್ಮೆ ರಿಕ್ಷಾದಲ್ಲಿ ಬರುವಾಗ ತಲೆ ತಿರುಗಿ ಹೊರಗೆ ವಾಲಿಬಿಟ್ಟರು, ಅಂಗಿ ಹಿಡಿದು ಎಳೆದುಕೊಂಡೆ. ಆಮೇಲೆ ಹಟ ಹಿಡಿದು ಹಳೆಯ ಕಾರೊಂದನ್ನು ಕೊಂಡೆ, ಓಡಿಸುವುದನ್ನೂ ಕಲಿತೆ. ಮೀನಿನವಳಿಗೆ ಕಾರು ಎಂತಕ್ಕೆ ಎಂದು ನಕ್ಕವರಿದ್ದಾರೆ. ನಗಲಿ.

ಹಬ್ಬದ ಹಿಂದಿನ ದಿನ, ಸೋಮವಾರ, ಅವರನ್ನು ಡಯಾಲಿಸಿಸ್‌ನಿಂದ ಮನೆಗೆ ಬಿಟ್ಟು ಬಂದು, ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಕಾರನ್ನು ಸುರೇಶ ಎಂಬವನ ಗ್ಯಾರೇಜಿಗೆ ಬಿಟ್ಟೆ. ಅವನ ಶೆಡ್ಡು ಹೊಳೆಯ ಪಕ್ಕದಲ್ಲೇ, ಸ್ವಲ್ಪ ಎತ್ತರದಲ್ಲಿದೆ. "ನಾಳೆ ಅಮಾಸೆ, ಹಬ್ಬ. ಬುಧವಾರ ಕೊಡ್ತೆ ಅಕ್ಕ. ಗಾಡಿ ಶೆಡ್ಡಿನೊಳಗೇ ಇರ್ತದೆ" ಎಂದ.

ಬುಧವಾರ ಮಧ್ಯಾಹ್ನ ಹೋದರೆ ಕಾರಿನ ಬಾಗಿಲುಗಳೆಲ್ಲ ತೆರೆದಿವೆ, ಒಳಗಿನ ಮ್ಯಾಟುಗಳು ಬಿಸಿಲಿಗೆ ಬಿದ್ದಿವೆ, ಸೀಟು ಒದ್ದೆ. ಕೀ ತಿರುಗಿಸಿದರೆ ಒಂದು ಸದ್ದೂ ಇಲ್ಲ.

"ರಾತ್ರಿ ಮಳೆ ಹೊಡೆದದ್ದು ನಿಮಗೂ ಗೊತ್ತಲ್ಲ. ಶೆಡ್ಡಿಗೆ ನೀರು ನುಗ್ತು, ವೈರಿಂಗ್ ಎಲ್ಲ ಹೋಯ್ತು. ದೇವರು ಮಾಡಿದ್ದಕ್ಕೆ ನಾವ್ ಎಂತ ಮಾಡುದು?" ಎಂದ ಸುರೇಶ.

ಮರುದಿನವೇ ಗುರುವಾರ. ಮನೆಗೆ ಫೋನ್ ಮಾಡಿದರೆ ನಮ್ಮನೆಯವರು, "ಜಗಳ ಬೇಡ, ಬಿಟ್ ಬಾ. ಒಂದ್ ಸಲ ತಪ್ಪಿದ್ರೆ ಎಂತ ಆಗ್ತದೆ?" ಎಂದರು. ಎಂತ ಆಗುತ್ತದೆ ಎಂಬುದು ನನಗೆ ಗೊತ್ತಿತ್ತು. ಹಿಂದೆ ಒಮ್ಮೆ ತಪ್ಪಿದಾಗ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾತ್ರಿಯಿಡೀ ಗೋಡೆಗೆ ಒರಗಿ ಕೂತಿದ್ದರು.

ಏನು ಮಾಡಲೂ ತೋಚದೆ ಒಣಗುತ್ತಿದ್ದ ಒಂದು ಮ್ಯಾಟನ್ನು ಎತ್ತಿಕೊಂಡೆ. ಅದರ ಮೇಲೆ ತೆಳ್ಳಗೆ ಬಿಳಿ ಪೊರೆ. ಬೆರಳಿನಿಂದ ಉಜ್ಜಿ ನಾಲಿಗೆಗೆ ಇಟ್ಟೆ. ಉಪ್ಪು.

"ಮಳೆನೀರು ಉಪ್ಪಾದದ್ದು ಯಾವಾಗಿಂದ ಮಾರಾಯ?" ಎಂದು ಕೇಳಿದೆ. "ಅಮಾಸೆ ಭರತಕ್ಕೆ ಸಮುದ್ರದ ನೀರು ನುಗ್ಗಿ ಹೊಳೆ ಎಲ್ಲಿವರೆಗೆ ಏರ್ತದೆ ಹೇಳಿ ನಂಗೆ ಕಲಿಸುದು ಬೇಡ. ಈ ಗಾಡಿ ಕೆಳಗೆ ದಂಡೆ ಮೇಲೆ ಇತ್ತು. ಹೌದೋ ಅಲ್ಲವೋ ಹೇಳು."

ಅವನು ಕೈ ಒರೆಸುತ್ತ ಬಾಯಿಬಿಟ್ಟ. ಲಕ್ಷ್ಮೀಪೂಜೆಗೆಂದು ಶೆಡ್ಡು ತೊಳೆಯಲು ಕಾರನ್ನು ದಂಡೆಗೆ ತಳ್ಳಿದ್ದನಂತೆ. ಪೂಜೆಯ ಗಡಿಬಿಡಿಯಲ್ಲಿ ಒಳಗೆ ತರುವುದು ಮರೆತೇಹೋಯಿತಂತೆ. "ಖರ್ಚು ಅರ್ಧ ನೀವ್ ಹಾಕಿ, ಅರ್ಧ ನಾ ಹಾಕ್ತೆ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಅರ್ಧ ಎಂತಕ್ಕೆ? ಪೂರ್ತಿ ನೀನೇ ಸರಿ ಮಾಡಿ ಕೊಡ್ಬೇಕು. ಅಲ್ಲಿವರೆಗೆ ಸೋಮವಾರ, ಗುರುವಾರ ಬೆಳಿಗ್ಗೆ ಆರಕ್ಕೆ ನಮ್ಮನೆ ಮುಂದೆ ಒಂದು ಕಾರು ನಿಲ್ಬೇಕು. ಇಲ್ದಿದ್ರೆ ಈ ಮ್ಯಾಟು ಹಿಡ್ಕಂಡು ಗ್ರಾಹಕರ ಕೋರ್ಟಿಗೆ ಹೋಗ್ತೆ" ಎಂದೆ. ಆ ಕೋರ್ಟು ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿ, "ಆತು ಅಕ್ಕ" ಎಂದ.

ಗುರುವಾರ ಆರು ಗಂಟೆಯಾಯಿತು. ಕಾರಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ನಮ್ಮನೆಯವರು ಆಸ್ಪತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಮುಖ ಊದಿಕೊಂಡಿತ್ತು. "ನನ್ನಿಂದ ನಿಂಗೆ ಎಷ್ಟ್ ಉಪದ್ರ" ಎಂದರು. "ಸುಮ್ನೆ ಕೂತ್ಕಳಿ" ಎಂದು ಗದರಿ, ಗೇಟಿನ ಹತ್ತಿರ ಹೋಗಿ ಅವರಿಗೆ ಕಾಣದಂತೆ ಅತ್ತೆ. ಅರ್ಧ ಗಂಟೆ ಕಳೆಯಿತು. ಬೇರೆ ದಾರಿಯಿಲ್ಲದೆ ರಿಕ್ಷಾ ಹುಡುಕಲು ರಸ್ತೆಗೆ ಇಳಿದೆ. ಆಗ ತಿರುವಿನಲ್ಲಿ ಬಿಳಿ ಕಾರೊಂದು ಕಾಣಿಸಿತು. ಸುರೇಶನೇ ಓಡಿಸಿಕೊಂಡು ಬಂದಿದ್ದ.

"ಹೊನ್ನಾವರಕ್ಕೆ ಹೋಗಿ ಭಾವನ ಗಾಡಿ ತಂದೆ. ಫೋನಿನ ಚಾರ್ಜ್ ಮುಗಿದಿತ್ತು" ಎಂದ. ಬೈಯುತ್ತ ನಿಲ್ಲದೆ ನಮ್ಮನೆಯವರನ್ನು ಕರೆತಂದು ಕೂರಿಸಿದೆ.

ಡಯಾಲಿಸಿಸ್ ಮುಗಿದ ಮೇಲೂ ಅವನೇ ಬಂದ. ನಮ್ಮನೆಯವರು ಗೋಡೆ ಹಿಡಿದು ಬರುವುದನ್ನು ನೋಡಿ ಓಡಿಬಂದು ಹೆಗಲು ಕೊಟ್ಟ. ಸೀಟು ಹಿಂದಕ್ಕೆ ಚಾಚಿ ಮಲಗಿಸಿದ. ದಾರಿಯಲ್ಲಿ ಒಂದೇ ಮಾತು ಆಡಿದ: "ಬರೀ ಗಾಡಿ ವಿಷಯ ಅಂದ್ಕಂಡಿದ್ದೆ ಅಕ್ಕ."

ನಮ್ಮ ಕಾರು ಸರಿಯಾಗುವವರೆಗೆ ಆ ಬಿಳಿ ಕಾರು ಒಂದು ದಿನವೂ ತಪ್ಪಲಿಲ್ಲ. ರಿಪೇರಿಗೆ ನನ್ನಿಂದ ಅವನು ಏನೂ ಕೇಳಲಿಲ್ಲ. ಗಟ್ಟಿ ಹೆಂಗಸು, ನ್ಯಾಯ ತಕ್ಕೊಂಡೇ ಬಿಟ್ಟಳು ಎಂದು ಕೇರಿಯವರು ಈಗಲೂ ಹೇಳುತ್ತಾರೆ. ನನಗೆ ಮಾತ್ರ ಗೇಟಿನ ಹತ್ತಿರ ನಿಂತ ಆ ಅರ್ಧ ಗಂಟೆ ನೆನಪಾಗುತ್ತದೆ. ನ್ಯಾಯ ಹಿಂದಿನ ದಿನ ಅವನು ಒಪ್ಪಿದಾಗಲೇ ನನ್ನ ಕಡೆಗೆ ಬಂದಿತ್ತು. ಕಾರು ಬಾರದೇ ಹೋಗಿದ್ದರೆ ಆ ನ್ಯಾಯ ಕಟ್ಟಿಕೊಂಡು ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ?