ಹಜಾರಕ್ಕೊಂದು ಕಿಂಡಿ

ಹಳೆಯ ಬಂಗಲೆಯ ಮರ ಕೊಳ್ಳಲು ಹೋದವರು ಮೊದಲು ಮರವನ್ನು ನೋಡಬಾರದು. ಗೋಡೆಯ ಮೇಲಿನ ಫೋಟೋ ನೋಡಬೇಕು, ನಾಯಿಯ ಹೆಸರು ಕೇಳಬೇಕು, ಕೊಟ್ಟ ಟೀಯನ್ನು ನಿಧಾನವಾಗಿ ಕುಡಿಯಬೇಕು. ಬಾಗಿಲ ಕಡೆ ಒಮ್ಮೆ ಕಣ್ಣು ಹೋಯಿತೋ, ಬೆಲೆ ಏರಿತು ಅಂತಲೇ ತಿಳಿಯಿರಿ. ಶಿವಾಜಿನಗರದಲ್ಲಿ ಹಳೇ ಮರದ ಅಂಗಡಿ ಇಟ್ಟು ನಾನು ಕಲಿತ ಮೊದಲ ಪಾಠ ಇದು. ಈಗಲೂ ಯಾರು ಕೇಳಿದರೂ, ಕೇಳದಿದ್ದರೂ, ಪುಕ್ಕಟೆಯಾಗಿ ಹೇಳಿಕೊಡುತ್ತೇನೆ.

ತೊಂಬತ್ತರ ದಶಕದ ಕೊನೆಗೆ ಕಾಕ್ಸ್ ಟೌನಿನ ಬಂಗಲೆಗಳು ಒಂದೊಂದಾಗಿ ಫ್ಲಾಟುಗಳಾಗುತ್ತಿದ್ದವು. ನೆಲ ಬಿಲ್ಡರಿಗೆ, ಅದರ ಮೇಲಿನ ಬಾಗಿಲು, ತೊಲೆ, ಮೆಟ್ಟಿಲು ನನ್ನಂಥವರಿಗೆ. ಅಂಥ ಒಂದು ಮನೆಯಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಅಜ್ಜಿ ಇದ್ದರು. ಮನೆ ಮಾರಿ ಕಮ್ಮನಹಳ್ಳಿಯಲ್ಲಿದ್ದ ತಂಗಿಯ ಹತ್ತಿರ ಹೋಗುವವರಿದ್ದರು. ಅವರ ಗೋಡೆಯ ಮೇಲೆ ಒಂದು ಚಿತ್ರ: ಬೂದು ಕಲ್ಲಿನ ಉದ್ದನೆಯ ಮನೆ, ಕಡಿದಾದ ಚಾವಣಿ, ಮುಂದೆ ಹುಲ್ಲು.

“ನಿಮ್ಮ ಮುತ್ತಾತನ ಅರಮನೆಯಾ ಮೇಡಂ?” ಎಂದೆ, ಪಾಠದ ಪ್ರಕಾರ.

“ಅರಮನೆ? ನೋ ಮ್ಯಾನ್!” ಅಜ್ಜಿ ನಕ್ಕರು. “ಮ್ಯಾನರ್ ಹೌಸ್ ಅದು. ಇಂಗ್ಲೆಂಡಲ್ಲಿ ಊರಿನ ಜಮೀನೆಲ್ಲ ಒಬ್ಬ ಲಾರ್ಡ್ ಕೈಲಿ ಇರ್ತಿತ್ತು, ಅವನ ಮನೆ. ನಮ್ಮವರು ಅಲ್ಲಿ ಹಂದಿ ಮೇಯಿಸ್ತಾ ಇದ್ರು.”

ನನಗೆ ಟೀ ನೆತ್ತಿಗೇರಿತು. ಹಂದಿ ಮೇಯಿಸಿದವರ ಮೊಮ್ಮಗಳು ಅಂತ ಬಾಯಿಬಿಟ್ಟು ಹೇಳುವವರನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಕಡೆ ಒಂದು ಸೈಟು ಮಾರಿದ ಮರುದಿನವೇ ಎಲ್ಲರದೂ ಪಾಳೇಗಾರರ ವಂಶ.

ನಾನು ಮೆಟ್ಟಿಲು ಅಳೆಯುತ್ತಿದ್ದಾಗ ಅಜ್ಜಿ ಆ ಮನೆಯ ಚರಿತ್ರೆ ಹೇಳಿದರು. ಆರೇಳು ನೂರು ವರ್ಷದ ಹಿಂದೆ ಅದು ಮನೆಯೇ ಅಲ್ಲ, ಒಂದೇ ಒಂದು ದೊಡ್ಡ ಹಜಾರ. ನೆಲಕ್ಕೆ ಹುಲ್ಲು, ನಡುವೆ ಬೆಂಕಿ, ಹೊಗೆ ಚಾವಣಿಯಿಂದ ಆಚೆ. ಒಂದು ತುದಿಯ ಜಗಲಿಯ ಮೇಲೆ ಒಡೆಯನ ಊಟ, ಕೆಳಗಿನ ಬೆಂಚುಗಳಲ್ಲಿ ಉಳುವವರು, ಹಂದಿಯವರು, ದಾರಿಹೋಕರು, ಕಾಲ ಬುಡದಲ್ಲಿ ನಾಯಿಗಳು. ಗೇಣಿ ಕೊಡುವುದೂ ಅಲ್ಲೇ, ದಂಡ ಹಾಕುವುದೂ ಅಲ್ಲೇ, ಸುಗ್ಗಿ ಮುಗಿದ ಮೇಲೆ ಊರಿಗೆಲ್ಲ ಊಟವೂ ಅಲ್ಲೇ. ಒಡೆಯ ಒಳ್ಳೆಯವನೇನಲ್ಲ. ಆದರೆ ಬಯ್ಯುವುದಾದರೆ ಎದುರಿಗೆ ಕೂತು ಬಯ್ಯುತ್ತಿದ್ದ. ಆಮೇಲೆ ಅವನ ಮೊಮ್ಮಗನೋ ಮರಿಮಗನೋ ತನಗಂತ ಮಹಡಿಯ ಮೇಲೆ ಬೇರೆ ಕೋಣೆ ಕಟ್ಟಿಸಿಕೊಂಡ. ಊಟ ಮೇಲಕ್ಕೆ ಹೋಯಿತು. ಗೋಡೆಯಲ್ಲಿ ಕೆಳಗೆ ನೋಡಲಿಕ್ಕೆ ಒಂದು ಕಿಂಡಿ ಕೊರೆಸಿದ.

“ಯಾರು ಜಾಸ್ತಿ ಕುಡೀತಾರೆ, ಯಾರು ಬಂದ್ರು, ಎಲ್ಲ ಅವನಿಗೆ ಕಾಣುತ್ತೆ. ಅವನು ಯಾರಿಗೂ ಕಾಣ್ಸಲ್ಲ. ನಮ್ಮ ಗ್ರ್ಯಾನಿ ಹೇಳೋರು, ಅವತ್ತಿಂದ ಆ ಹಾಲಲ್ಲಿ ಯಾರೂ ಮೇಲೆ ನೋಡದೆ ನಗ್ತಿರ್ಲಿಲ್ಲ ಅಂತ.”

“ಆಮೇಲೇನಾಯ್ತು ಮೇಡಂ?”

“ಆಮೇಲೇನು ಪಾ! ಜನ ಬರೋದು ನಿಂತು, ಹಾಲಲ್ಲಿ ಹುಲ್ಲು ಒಟ್ಟಿದ್ರು. ಲಾರ್ಡ್ ಫ್ಯಾಮಿಲಿ ಮುಗೀತು, ಯಾರೋ ರೈತ ಬಂದು ಸೇರ್ಕೊಂಡ. ಕಿಂಡಿ ಮಾತ್ರ ಇನ್ನೂ ಇದೆಯಂತೆ.”

ಕತೆ ಹೇಳಿದವರು ಕೆಳಗಿನ ಬೆಂಚಿನಲ್ಲಿ ಕೂತವರು. ನಾನು ಕೇಳಿಸಿಕೊಂಡದ್ದು ಮಾತ್ರ ಮಹಡಿಯ ಮೇಲಿನವನ ಕಿವಿಯಿಂದ. ಎಂಥ ಒಳ್ಳೇ ಐಡಿಯಾ, ಅನಿಸಿತು.

ಆಗ ನಾನು ಇಂದಿರಾನಗರದಲ್ಲಿ ಮನೆ ಕಟ್ಟಿಸುತ್ತಿದ್ದೆ. ಕೆ.ಆರ್. ಪುರದ ಆಚೆಯ ನಮ್ಮ ಊರಲ್ಲಿ ಅಪ್ಪ ರಾಗಿ, ಗುಲಾಬಿ ಬೆಳೆಯುತ್ತಿದ್ದ. ಹೊಲಕ್ಕೆ ಬಂದ ಆಳು, ಮನೆಗೆ ಬಂದ ನೆಂಟ, ಅಪ್ಪ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ಜಮೀನು ಹೋದ ಮೇಲೆ ನನ್ನ ಜೊತೆ ಬಂದ ಅಪ್ಪ ಕೇಳಿದ್ದು ಒಂದೇ: “ಮನೆ ನಿನ್ನಿಷ್ಟ ಬಂದಂಗೆ ಕಟ್ಕೋ. ಹಜಾರ ಮಾತ್ರ ಒಂದು ಪಂಕ್ತಿ ಕೂರೋ ಹಂಗಿರ್ಲಿ.”

ಹಜಾರ ಕಟ್ಟಿಸಿದೆ. ಅಜ್ಜಿಯ ಬಂಗಲೆಯ ತೇಗದ ಮೆಟ್ಟಿಲನ್ನೇ ಅದಕ್ಕೆ ಜೋಡಿಸಿದೆ. ಮೇಲೆ ನನ್ನ ಕೋಣೆ, ಅದರ ಗೋಡೆಯಲ್ಲಿ ಕಿಂಡಿ. “ವೆಂಟಿಲೇಟರಾ ಸಾರ್?” ಎಂದ ಇಂಜಿನಿಯರಿಗೆ, “ಅಲ್ಲ ಗುರು, ಇಂಗ್ಲಿಷ್ ಡಿಸೈನ್” ಎಂದೆ. ಮನೆ ಕಟ್ಟಿಸುತ್ತಿದ್ದ ಗೆಳೆಯರಿಗೂ ಸಲಹೆ ಕೊಟ್ಟೆ, ಇಬ್ಬರು ಹಾಕಿಸಿಯೂ ಬಿಟ್ಟರು.

ಕಿಂಡಿಯ ಉಪಯೋಗ ಹೇಳತೀರದು. ಬ್ರೋಕರು, ಚಂದಾ ಕೇಳುವವರು, ಜಾಮೀನು ಬೇಡುವವರು, ಯಾರೇ ಬರಲಿ, ಮೊದಲು ಮೇಲಿಂದ ನೋಡುತ್ತಿದ್ದೆ. ನಾನು ಕೈಯಾಡಿಸಿದರೆ ಹೆಂಡತಿ “ಅವ್ರು ಊರಲ್ಲಿಲ್ಲ” ಎನ್ನುತ್ತಿದ್ದಳು. ಕೆಳಗೆ ಅಪ್ಪನದೊಂದು ದರ್ಬಾರು. ಊರಿನವರು ಬರುತ್ತಿದ್ದರು, ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ರಾಯಚೂರಿನ ಗಾರೆ ಮೇಸ್ತ್ರಿಯೂ ಬರುತ್ತಿದ್ದ. ಒಂದು ಸಂಜೆ ಮೇಸ್ತ್ರಿ ಏನೋ ಹೇಳಿ ನಗಲು ಹೋದವನು ಮೇಲೆ ನೋಡಿ ಅರ್ಧಕ್ಕೇ ನಿಲ್ಲಿಸಿದ. ಅದು ಮರ್ಯಾದೆ ಎಂದು ನಾನು ಹಿಗ್ಗಿದೆ.

ಅಪ್ಪನಿಗೊಬ್ಬ ಜೀವದ ಗೆಳೆಯ. ಹೊಲದ ಬದುವಿನ ಆಚೆಯವನು, ನಾನು ದೊಡ್ಡಪ್ಪ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಅವನು ಬಿಳಿ ಪಂಚೆ ಉಟ್ಟು, ಚೀಲ ಹಿಡಿದು ಬಂದ. ಹೆಂಡತಿ ಹಲಸೂರಿಗೆ ಹೋಗಿದ್ದಳು, ಹಜಾರದಲ್ಲಿ ಅಪ್ಪ ಒಬ್ಬನೇ. ಜಮೀನಿನ ತಕರಾರಿಗೆ ಸಾಕ್ಷಿ ಹೇಳು ಅಂತ ದೊಡ್ಡಪ್ಪ ಹಿಂದೆ ಎರಡು ಸಲ ಬಂದಿದ್ದ. ಇದೂ ಅದೇ ಎಂದುಕೊಂಡು ಕಿಂಡಿಯಿಂದ ಅಪ್ಪನಿಗೆ ಕೈಯಾಡಿಸಿದೆ.

ಅಪ್ಪ ಮೇಲೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ನೆಲ ನೋಡುತ್ತಾ, “ಊರಲ್ಲಿಲ್ಲ ಕಣೋ” ಎಂದ.

ದೊಡ್ಡಪ್ಪ ಚೀಲ ಬಿಚ್ಚಿದ. ಒಳಗಿಂದ ಹೊರಬಂದದ್ದು ತಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಬಳಿದ ಲಗ್ನಪತ್ರಿಕೆ. ಮೊಮ್ಮಗಳ ಮದುವೆ. ಆ ಹುಡುಗಿಗೆ ಹೆಸರಿಟ್ಟವನೇ ನಮ್ಮಪ್ಪ.

ನಮ್ಮವರಲ್ಲಿ ಪತ್ರಿಕೆಯನ್ನು ಟೇಬಲ್ ಮೇಲೆ ಇಟ್ಟು ಹೋಗುವ ಹಾಗಿಲ್ಲ. ಮನೆ ನಡೆಸುವವನು ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡರೇ ಆ ಮನೆಗೆ ಕರೆ. ಇಲ್ಲದಿದ್ದರೆ ಆ ಮನೆಯವರು ಯಾರೂ, ಎಷ್ಟೇ ಹಿರಿಯರಾಗಲಿ, ಚಪ್ಪರದೊಳಗೆ ಕಾಲಿಡುವುದಿಲ್ಲ.

“ನನ್ ಕೈಗೇ ಕೊಡೋ” ಎಂದ ಅಪ್ಪ.

“ಮನೆ ನಿಂದೇನೋ? ಯಜಮಾನ ಅವ್ನು.”

“ನಾಳೆ ಬರ್ತೀಯಾ ಹಂಗಾದ್ರೆ?”

“ನಾಳೆ ಹೊಸಕೋಟೆ ಕಡೆ ಹೋಗ್ಬೇಕು. ಇನ್ನೆಲ್ಲಿ ಟೈಮು?” ದೊಡ್ಡಪ್ಪ ಎಲೆ ಅಡಿಕೆಯನ್ನು ಮತ್ತೆ ಚೀಲಕ್ಕೆ ಹಾಕತೊಡಗಿದ. ಹಾಕುತ್ತಾ ಹಾಕುತ್ತಾ ತಲೆಯೆತ್ತಿದ. “ಅಲ್ಲೋ, ಮೇಲೆ ಆ ತೂತಲ್ಲಿ ಕನ್ನಡಕ ಹೊಳೀತಾ ಇದೆಯಲ್ಲ, ಅದ್ಯಾರ್ದು? ಕನ್ನಡಕ ಬಿಟ್ಟು ಊರಿಗೆ ಹೋಗವ್ನಾ?”

ಅಪ್ಪ ಹೆಗಲ ಮೇಲಿನ ಟವೆಲಿನ ನೂಲೊಂದನ್ನು ಹಿಡಿದು ಎಳೆಯುತ್ತಾ ಕೂತ.

ಕೋಣೆಯಲ್ಲೇ ಬಚ್ಚಿಟ್ಟುಕೊಳ್ಳಬಹುದಿತ್ತು. ಆದರೆ ವೀಳ್ಯ ಚೀಲ ಸೇರುತ್ತಿತ್ತು. ಇಳಿದೆ. ಈ ತೇಗದ ಮೆಟ್ಟಿಲು ಜನ್ಮಕ್ಕೂ ಸದ್ದು ಮಾಡುವುದಿಲ್ಲ ಅಂತ ನಾನು ಎಷ್ಟು ಗಿರಾಕಿಗಳಿಗೆ ತೋರಿಸಿದ್ದೆನೋ. ಅವತ್ತು ಪ್ರತಿಯೊಂದು ಮೆಟ್ಟಿಲೂ ಕಿರ್ ಎಂದಿತು. ಮುದುಕರಿಬ್ಬರೂ ಕೂತಲ್ಲೇ ಕೂತು, ಊರಲ್ಲೇ ಇಲ್ಲದ ನಾನು ಕೆಳಗಿಳಿದು ಬರುವ ಸದ್ದನ್ನು ಪೂರ್ತಿ ಕೇಳಿದರು.

“ಬಂದ್ಯಾ ಮಗಾ?” ಎಂದ ದೊಡ್ಡಪ್ಪ. “ಬೇಗ ಬಂದ್ಬಿಟ್ಟೆ. ಬಸ್ಸಲ್ಲಿ ಸೀಟ್ ಸಿಕ್ತಾ?”

ಬಿಲ್ಡರುಗಳನ್ನೇ ಮಾತಿನಲ್ಲಿ ಕಟ್ಟಿಹಾಕುವ ನಾನು ಎರಡೂ ಕೈ ಚಾಚಿದೆ. ದೊಡ್ಡಪ್ಪ ವೀಳ್ಯ ಇಟ್ಟ, ತಲೆ ಮುಟ್ಟಿದ, “ಎಲ್ರೂ ಬಂದ್ಬಿಡಿ” ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

“ಊಟ ಮಾಡ್ಕೊಂಡು ಹೋಗೋ” ಎಂದ ಅಪ್ಪ. ಮುದ್ದೆ ಉಣ್ಣದೆ ಆ ಮನುಷ್ಯ ನಮ್ಮ ಮನೆಯಿಂದ ಎದ್ದದ್ದೇ ಇಲ್ಲ. ಅವತ್ತು ಎದ್ದ. ಅಪ್ಪ ಗೇಟಿನ ತನಕ ಹೋಗಿ, ಆಟೋ ತಿರುಗಿದ ಮೇಲೂ ಅಲ್ಲೇ ನಿಂತಿದ್ದ. ಒಳಗೆ ಬಂದು ನನ್ನ ಮುಖ ನೋಡದೆ ಹೇಳಿದ: “ಇನ್ಮೇಲೆ ನೀನೇ ಹೇಳ್ಕೋ ಮಗಾ. ನಂಗೆ ಅಭ್ಯಾಸ ಇಲ್ಲ.”

ಮರುದಿನವೇ ಮೇಸ್ತ್ರಿಯನ್ನು ಕರೆಸಿ ಕಿಂಡಿ ಮುಚ್ಚಿಸಿದೆ. ಇಟ್ಟಿಗೆ ಇಡುತ್ತಾ ಅವನು, “ಯಾಕ್ರೀ ಸಾವ್ಕಾರ್ರ, ಗಾಳಿ ಭಾಳ ಬರಾಕತ್ತಿತ್ತೇನ್ರಿ?” ಎಂದ. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕಿಂಡಿ ಹಾಕಿಸಿದ್ದ ಇಬ್ಬರಿಗೂ ಮುಚ್ಚಿಸಿಬಿಡಿ ಎಂದೆ. ಒಬ್ಬ ಮುಚ್ಚಿಸಿದ. ಇನ್ನೊಬ್ಬ, “ನಂದು ನಿಂದಕ್ಕಿಂತ ಚೆನ್ನಾಗಿ ಬಂದಿದೆ ಅಂತ ಹೊಟ್ಟೆಕಿಚ್ಚಾ ಗುರು?” ಎಂದ. ಮುಚ್ಚಿಸುವವರಿಗೆ ಒಂದು ಮಾತು: ಗಾರೆ ಚೆನ್ನಾಗಿ ಒಣಗಿದ ಮೇಲೆ ಇಡೀ ಗೋಡೆಗೆ ಬಣ್ಣ ಹೊಡೆಸಿ. ನಾನು ಮುಚ್ಚಿದಷ್ಟು ಜಾಗಕ್ಕೆ ಮಾತ್ರ ಹೊಡೆಸಿದೆ, ಅವಸರ. ಇವತ್ತಿಗೂ ಅಲ್ಲೊಂದು ಚೌಕ ಎದ್ದು ಕಾಣುತ್ತದೆ.

ಮದುವೆಗೆ ಹೋದೆವು. ಅಪ್ಪ ಮುಂದಿನ ಸಾಲಿನಲ್ಲೇ ಕೂತು ಅಕ್ಷತೆ ಹಾಕಿದ. ಕೆಲವು ತಿಂಗಳು ಕಳೆದು ದೊಡ್ಡಪ್ಪ ಮತ್ತೆ ನಮ್ಮ ಮನೆಗೆ ಬಂದ, ಈ ಸಲ ಊಟಕ್ಕೂ ಕೂತ. ಮೂವರೂ ಒಂದೇ ಸಾಲಿನಲ್ಲಿ ನೆಲದ ಮೇಲೆ. ಹಳೆಯ ಮೊಂಡು ಎತ್ತೊಂದು ಅಪ್ಪನನ್ನು ಗಾಡಿ ಸಮೇತ ಕೆರೆಗೆ ಇಳಿಸಿದ ಕತೆಯನ್ನು ದೊಡ್ಡಪ್ಪ ತೆಗೆದ. ಅಪ್ಪನಿಗೆ ನಗು ಉಕ್ಕಿತು, ತುತ್ತು ಹಿಡಿದ ಕೈ ಎಲೆಯ ಮೇಲೆ ನಿಂತಿತು. ನಗುವ ಮೊದಲು ಅವನು ಒಮ್ಮೆ ತಲೆಯೆತ್ತಿ ಆ ಚೌಕದ ಕಡೆ ನೋಡಿದ.

ನಾನು ಅವನ ಪಕ್ಕದಲ್ಲೇ ಕೂತಿದ್ದೆ.